ಅಣ್ಣಿಗೇರಿಯಲ್ಲಿ ಕಾಲ್ನಡೆಯ ಅಭ್ಯಾಸ

ಆದಿಕವಿ ಪಂಪನ ಜನ್ಮಸ್ಥಳ ಯಾವುದೆಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದಾಗಲೆಲ್ಲ ‘ಅಣ್ಣಿಗೇರಿ’ ಎಂದು ಬರೆದು ಅಂಕ ಪಡೆದವನು ನಾನು. ಆದರೆ ಆ ಊರನ್ನು ನಾನು ಕಂಡಿದ್ದುದು ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಮಾತ್ರ. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ದಾಟಿದವನು ನಾನೇ ಮೊದಲಿಗ. ಅಚ್ಚಾದುದೆಲ್ಲ ನಿಜವೆಂದು ನಂಬುವುದು ನನ್ನಂಥವರಿಗೆ ಸಹಜ. ನನ್ನ ಸಹಪಾಠಿಯೊಬ್ಬ ಅಣ್ಣಿಗೇರಿಯವನೇ. “ನಮ್ಮೂರ ಹೆಸರು ಬರ್ದು ಮಾರ್ಕ್ಸ್ ತಗೊಂಡೀ, ಒಮ್ಮೆ ಬಂದು ನಡದಾಡಿ ನೋಡಲೇ” ಎಂದು ಅವನು ಛೇಡಿಸಿದುದೇ ಈ ಲೇಖನಕ್ಕೆ ಮೂಲ.

ಎಳ್ಳಮಾವಾಸ್ಯೆಗೆ ಮುಂಚಿನ ಒಂದು ಭಾನುವಾರ, ಮೈ ನಡುಗಿಸುವ ಚಳಿಯಲ್ಲಿ ನಸುಕಿಗೇ ಊರ ಹೊರಗಿನ ಹೊಲಗಳಿಂದ ನಮ್ಮ ನಡಿಗೆ ಮೊದಲಾಯಿತು. ಹೊಲವೇ ಮೊದಲೇಕೆ ಎಂದು ಕೇಳಿದೆ. ಪ್ರಾಚೀನ ಕಾಲದಲ್ಲಿ ಈ ಸೀಮೆಗೆ ಬೆಳ್ವೊಲ ಮುನ್ನೂರು ಎಂದು ಹೆಸರು. ಅಣ್ಣಿಗೇರಿ ಅದರ ರಾಜಧಾನಿ. ಬೆಳ್ವೊಲವೆಂದರೆ ಬೆಳೆಯುವ ಹೊಲ ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಕಣ್ಣು ಹಾಯುವವರೆಗೂ ಕಪ್ಪು ಎರೆ ಭೂಮಿ, ಅದರ ಮೇಲೆ ಹಿಂಗಾರಿಯ ಕಡಲೆ, ಜೋಳ, ನಡುನಡುವೆ ಕುಸುಬಿ. ಇಬ್ಬನಿಯಲ್ಲಿ ನೆನೆದ ಕಡಲೆಗಿಡ ತಗುಲಿ ಅದರ ಹುಳಿಗೆ ನನ್ನ ಕಾಲು ತುರಿಸತೊಡಗಿತು. ಗೆಳೆಯ ನಕ್ಕು ಒಂದು ಹಿಡಿ ಸುಲಗಾಯಿ ಕಿತ್ತು ಕೈಗಿತ್ತ. ಅರಸರು ಈ ನೆಲಕ್ಕಾಗಿ ಏಕೆ ಬಡಿದಾಡಿದರೆಂಬುದನ್ನು ವಿವರಿಸಲು ಇದಕ್ಕಿಂತ ಹೆಚ್ಚಿನ ಟಿಪ್ಪಣಿ ನನಗೆ ಬೇಕಾಗಲಿಲ್ಲ.

ಬಿಸಿಲೇರುವ ಹೊತ್ತಿಗೆ ಅಮೃತೇಶ್ವರ ದೇವಾಲಯಕ್ಕೆ ಬಂದೆವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1050ರ ಸುಮಾರಿಗೆ ಕಟ್ಟಿದ ಗುಡಿಯಿದು. ಇದರ ಮಹತ್ವವೆಲ್ಲ ಕಲ್ಲಿನಲ್ಲಿದೆ. ಐಹೊಳೆ, ಪಟ್ಟದಕಲ್ಲುಗಳಲ್ಲಿ ಹಿಂದಿನ ಚಾಲುಕ್ಯರು ಬಳಸಿದ್ದು ಮರಳುಗಲ್ಲು. ಅದರ ದೊಡ್ಡ ದೊಡ್ಡ ದಿಂಡುಗಳನ್ನು ಒಂದರ ಮೇಲೊಂದು ಹೇರಿ ಗುಡಿ ಕಟ್ಟುತ್ತಿದ್ದರು. ಇಲ್ಲಿ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ತೆರೆದಂತೆ ಗಟ್ಟಿಯಾಗುವುದು ಅದರ ಗುಣ. ಆದುದರಿಂದ ಸಣ್ಣ ದಿಂಡುಗಳಲ್ಲಿಯೇ ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು. ಕಂಬಗಳನ್ನು ಬುಗುರಿಯಂತೆ ತಿರುವಿ ನುಣುಪುಗೊಳಿಸುವುದೂ ಸಾಧ್ಯವಾಯಿತು. ಚಾಲುಕ್ಯರ ಗುಡಿಗಳ ಬಗೆಗೆ 1926ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸ್ ಎಂಬ ಪುರಾತತ್ತ್ವಜ್ಞನು ಈ ಬಗೆಯ ಕಲ್ಲಿನ ಗುಡಿಗಳಲ್ಲಿ ಇದನ್ನೇ ಮೊದಲಿನದೆಂದು ಎಣಿಸಿದ್ದಾನೆ. ಲಕ್ಕುಂಡಿಯ ಗುಡಿಗಳ ನಯಗಾರಿಕೆಗೆ ದಾರಿ ತೆರೆದದ್ದು ಇಂಥ ಕೆಲಸವೇ. ನಾವು ಸಣ್ಣವರಿದ್ದಾಗ ಪಾಟಿಯ ಮೇಲೆ ತೀಡಿದ ಬಳಪವೂ ಇದೇ ಜಾತಿಯ ಕಲ್ಲೆಂದು ನೆನಪಾಗಿ, ಅಕ್ಷರ ಕಲಿಸಿದ ವಸ್ತುವನ್ನು ಮುಟ್ಟಿದಂತೆ ಆ ಕಂಬವನ್ನು ಮುಟ್ಟಿದೆ.

ಗುಡಿಯಲ್ಲಿ 76 ಕಂಬಗಳಿವೆಯೆಂದು ಪುಸ್ತಕಗಳು ಹೇಳುತ್ತವೆ. ಎಣಿಸಿದೆವು. ನನ್ನ ಲೆಕ್ಕ 71ಕ್ಕೆ ನಿಂತಿತು, ಅವನದು 80 ದಾಟಿತು. ಗೋಡೆಗೆ ಅಂಟಿದ ಅರೆಗಂಬಗಳನ್ನು ಹಿಡಿಯಬೇಕೋ ಬಿಡಬೇಕೋ ಎಂದು ನಾವು ಮೊದಲೇ ಗೊತ್ತು ಮಾಡಿಕೊಂಡಿರಲಿಲ್ಲ.

ಕಳಚುರಿ ಬಿಜ್ಜಳನಿಂದ ಪೆಟ್ಟು ತಿಂದ ಚಾಲುಕ್ಯ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನು 1180ರ ದಶಕದಲ್ಲಿ ಈ ಊರನ್ನೇ ರಾಜಧಾನಿ ಮಾಡಿಕೊಂಡಿದ್ದನು. ಅರಮನೆಯ ಗುರುತು ನಮ್ಮ ಕಣ್ಣಿಗೆಲ್ಲೂ ಬೀಳಲಿಲ್ಲ. ಬಸದಿಯ ಕಡೆಗೆ ನಡೆಯುತ್ತ ಗೆಳೆಯ 2010ರ ಮಾತು ತೆಗೆದ. ಆ ವರ್ಷ ಕಾಲುವೆ ಅಗೆಯುವಾಗ ಇಲ್ಲಿ ಸಾಲುಸಾಲಾಗಿ ಜೋಡಿಸಿದ್ದ ನೂರಾರು ತಲೆಬುರುಡೆಗಳು ಸಿಕ್ಕವು. ಒಂದು ಪ್ರಯೋಗಾಲಯ ಅವುಗಳ ವಯಸ್ಸು ಆರು ನೂರು ವರ್ಷಕ್ಕೂ ಹೆಚ್ಚೆಂದಿತು. ಇನ್ನೊಂದು ಇನ್ನೂರು ವರ್ಷದೊಳಗೆಂದಿತು. ಯುದ್ಧದಲ್ಲಿ ಸತ್ತವರೆಂದು ಕೆಲವರು, 1791-92ರ ಭೀಕರ ಬರಗಾಲದಲ್ಲಿ ಸತ್ತವರೆಂದು ಕೆಲವರು. “ಊರಾಗ ಕೇಳಿದ್ರ ಮನೀಗೊಂದು ಕಥೀ ಹೇಳ್ತಾರ” ಎಂದ ಗೆಳೆಯ.

ಬಸದಿಯ ಬಳಿ ನಮ್ಮ ವಾದ ಪಂಪನತ್ತ ತಿರುಗಿತು. ಪಂಪನು ಅಣ್ಣಿಗೇರಿಯವನೆನ್ನಲು ಆಧಾರವಾದ ಶಾಸನ ಅಣ್ಣಿಗೇರಿಯಲ್ಲಿಲ್ಲ. ಅದು ದೂರದ ತೆಲಂಗಾಣದಲ್ಲಿ, ಕರೀಂನಗರ ಸೀಮೆಯ ಕುರ್ಕ್ಯಾಲದ ಬಳಿ, ಗುಡ್ಡದ ಬಂಡೆಯ ಮೇಲಿದೆ. ಹತ್ತನೆಯ ಶತಮಾನದಲ್ಲಿ ಪಂಪನ ತಮ್ಮ ಜಿನವಲ್ಲಭನು ಕನ್ನಡ, ಸಂಸ್ಕೃತ, ತೆಲುಗುಗಳಲ್ಲಿ ಕೆತ್ತಿಸಿದ್ದು. ತಂದೆ ಭೀಮಪಯ್ಯ ವೆಂಗಿ ನಾಡಿನ ಮನೆತನದವನು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅದರಿಂದ ತಿಳಿಯುತ್ತದೆ. ಪಂಪನು ಹುಟ್ಟಿದ್ದು ಇಂಥಲ್ಲಿ ಎಂದು ಅದರಲ್ಲಿಲ್ಲ. ಇಷ್ಟನ್ನು ನಾನು ಹೇಳಿದ್ದೇ ತಡ ಗೆಳೆಯನ ಮೋರೆ ಕೆಂಪಾಯಿತು. “ನಮ್ಮೂರಿಗೆ ಬಂದು, ನಮ್ಮ ಸುಲಗಾಯಿ ತಿಂದು, ನಮ್ಮ ಕವೀನ ಕಸಗೊಂತೀ ಏನಲೇ?” ಎಂದ. ತಮಾಷೆಯೆಂದು ನಕ್ಕೆ; ಅವನು ನಗಲಿಲ್ಲ. ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಅವನ ತಾಯಿ ಓದು ಬರಹ ಕಲಿತವರಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತ ಮಗನ ಮೋರೆ ನೋಡಿ ಸಂಗತಿಯೇನೆಂದು ಕೇಳಿದರು. ಹೇಳಿದೆವು. “ಹಿರೇ ಮಗನೋ ಕಿರೇ ಮಗನೋ?” ಎಂದರು. ಬಂಡೆ ಕೆತ್ತಿಸಿದವನು ತಮ್ಮ, ಪಂಪ ಅಣ್ಣ ಎಂದೆ. “ಹಂಗಾದ್ರ ಚೊಚ್ಚಲ ಬಾಣಂತನ ತವರಮನ್ಯಾಗs ಅಲ್ಲೇನಪಾ? ಇವನ್ನ ನಾ ಹಡದದ್ದೂ ತವರಾಗ.” ಗೆಳೆಯ ಗೆದ್ದವನಂತೆ ನನ್ನತ್ತ ನೋಡಿದ. ಅಷ್ಟರಲ್ಲಿ ಆ ತಾಯಿ ರೊಟ್ಟಿ ಹಿಡಿದ ಕೈಯನ್ನು ಅಲ್ಲಿಯೇ ನಿಲ್ಲಿಸಿ, “ಮೊಮ್ಮಗಳಂದ್ರ ಮಗನ ಮಗಳೋ, ಮಗಳ ಮಗಳೋ? ಮಗನ ಮಗಳಾದ್ರ ಅಣ್ಣಿಗೇರಿ ಆಕೀ ತವರು. ಮಗಳ ಮಗಳಾದ್ರ ಅದು ಆಕೀ ತಾಯೀ ತವರು, ಆಕೀದಲ್ಲ” ಎಂದರು.

ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಶಾಸನದ ಪದ ಎರಡಕ್ಕೂ ಸಲ್ಲುತ್ತದೆ. ಮೂರು ವರ್ಷ ಕನ್ನಡವನ್ನು ಐಚ್ಛಿಕವಾಗಿ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಒಂದು ಹೆರಿಗೆ ಎಲ್ಲಿ ಆಗಬೇಕೆಂದು ಲೆಕ್ಕ ಹಾಕಿದವರಿಗೆ ಮಾತ್ರ ಹೊಳೆಯುವಂಥದು ಅದು. ಈಗ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದರೆ ‘ಪಂಪನ ತಾಯಿಯ ಹಿರಿಯರು ಅಣ್ಣಿಗೇರಿಯವರು, ಅವನು ಅಲ್ಲಿಯೇ ಹುಟ್ಟಿದನೆಂಬ ನಂಬಿಕೆ ಬಲವಾಗಿದೆ’ ಎಂದು ಬರೆಯುವವನಿದ್ದೇನೆ. ಅರ್ಧ ಅಂಕ ಹೋದರೂ ಹೋಗಲಿ.

ಸಂಜೆ ಗೆಳೆಯ ಬಸ್ಸಿನವರೆಗೆ ಜೊತೆಗೆ ಬಂದ. ದಾರಿಯಲ್ಲಿ ಸುಲಗಾಯಿಯನ್ನೂ ಕಿಸೆಗೆ ತುಂಬಿದ. ಹೊರಡುವ ಮುಂಚೆ ಅವನ ತಾಯಿ ರೊಟ್ಟಿಯ ಗಂಟನ್ನು ಕೈಗಿತ್ತು, “ಮಗನ ಮಗಳೋ ಮಗಳ ಮಗಳೋ, ಗೊತ್ತಾದ್ರ ನನಗೂ ಹೇಳಿ ಕಳಸಪಾ” ಎಂದಿದ್ದರು. “ಆಗಲಿ ಅವ್ವಾ” ಎಂದು ಒಪ್ಪಿಕೊಂಡು ಬಂದಿದ್ದೇನೆ.