ಬೆಳೆ, ಅಳತೆ, ಬೆಲೆ

ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಕಲಘಟಗಿಯ ಕಡೆ ಕಾಡು, ಕೆರೆ, ಬತ್ತದ ಗದ್ದೆಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆಲ್ಲ ಮರಗಳು ವಿರಳವಾಗುತ್ತವೆ; ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ವಿಶಾಲವಾದ ಎರೆಭೂಮಿ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಲಿಟ್ಟರೆ ಹೂತುಹೋಗುವಷ್ಟು ಜಿಗುಟಾದ, ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುವ ಈ ಕಪ್ಪು ಮಣ್ಣು ತೇವವನ್ನು ಬಹುಕಾಲ ತನ್ನೊಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದಲೇ ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬೆಗಳು ಇಲ್ಲಿ ಬೆಳೆಯುತ್ತವೆ. ಹಿಂದೆ ಇವೆಲ್ಲಕ್ಕಿಂತ ಮಿಗಿಲಾಗಿ ಈ ನಾಡಿಗೆ ಹೆಸರನ್ನು ತಂದ ಬೆಳೆ ಹತ್ತಿ.

ಬೆಳೆಯನ್ನು ಬೆಳೆಯುವುದು ಒಂದು ವಿದ್ಯೆ; ಬೆಳೆದುದಕ್ಕೆ ತಕ್ಕ ಬೆಲೆಯನ್ನು ಪಡೆಯುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಹೊಸ ಬೀಜ, ಹೊಸ ಯಂತ್ರಗಳು ನೆರವಾಗುತ್ತವೆ. ಎರಡನೆಯದಕ್ಕೆ ಬೇಕಾದುದು ತಿಳಿವಳಿಕೆ: ಸರಕಿನ ತೂಕವೆಷ್ಟು, ಗುಣವೇನು, ಅದು ಯಾರಿಗೆ ಬೇಕು, ಬೇರೆ ಪೇಟೆಯಲ್ಲಿ ದರವೇನು ಎಂಬ ಖಚಿತವಾದ ಅರಿವು. ಈ ಎರಡೂ ಕೂಡಿ ನಡೆದಾಗ ಏನಾಗುತ್ತದೆ, ಒಂದು ಹಿಂದುಳಿದಾಗ ಏನಾಗುತ್ತದೆ ಎಂಬುದಕ್ಕೆ ಧಾರವಾಡದ ಹತ್ತಿಯ ಕಥೆಯೇ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಬೆಳೆಯುತ್ತಿದ್ದುದು ನಾಡಹತ್ತಿ. ಎತ್ತಿನ ಬೆನ್ನ ಮೇಲೆ, ಚಕ್ಕಡಿಗಳಲ್ಲಿ ಘಟ್ಟವನ್ನಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಇಂಗ್ಲೆಂಡಿನ ಗಿರಣಿಗಳಿಗೆ ಇದಕ್ಕಿಂತ ಉದ್ದನೆಯ ಎಳೆಯ ಹತ್ತಿ ಬೇಕಾಗಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತಿ ಬೇಸಾಯದಲ್ಲಿ ನುರಿತವರನ್ನು ಭಾರತಕ್ಕೆ ಕರೆಸಿತು. ಅವರಲ್ಲಿ ಒಬ್ಬನಾದ ಮರ್ಸರನು ಧಾರವಾಡದ ಸೀಮೆಯಲ್ಲಿ ಕೆಲಸ ಮಾಡಿದನು. ಜಿಲ್ಲೆಯ ಕಲೆಕ್ಟರನಾಗಿದ್ದ ಷಾ ಎಂಬವನು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರ ಹೊಲಗಳಿಗೆ ತಲುಪಿಸಲು ಶ್ರಮಿಸಿದನು. ಭಾರತದ ಬೇರೆ ಅನೇಕ ಕಡೆಗಳಲ್ಲಿ ಈ ಪ್ರಯೋಗ ಸೋತರೂ ಧಾರವಾಡದ ಎರೆಭೂಮಿಯಲ್ಲಿ ಅದು ಬೇರೂರಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರು ಲಿವರ್‌ಪೂಲಿನ ವರ್ತಕರಿಗೂ ಪರಿಚಿತವಾಯಿತು.

ಆದರೆ ಬೀಜವೊಂದೇ ಬದಲಾದರೆ ಸಾಲದಾಯಿತು. ಅಮೆರಿಕನ್ ಹತ್ತಿಯ ಎಳೆಗಳು ಬೀಜಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಹಳ್ಳಿಯ ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳು ಬೇರ್ಪಡಿಸುತ್ತಿದ್ದ ಹಳೆಯ ವಿಧಾನ ಅದಕ್ಕೆ ಹೊಂದಲಿಲ್ಲ. ಗರಗಸದ ಹಲ್ಲುಗಳುಳ್ಳ ಜಿನ್ನುಗಳು ಬೇಕಾದುವು. ಇವುಗಳನ್ನು ತಯಾರಿಸಲು, ಕೆಟ್ಟಾಗ ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರದ ಕಾರ್ಖಾನೆಯೇ ಹುಟ್ಟಿಕೊಂಡಿತು. ಹೊಸ ಬೀಜ, ಅದಕ್ಕೆ ತಕ್ಕ ಯಂತ್ರ, ಯಂತ್ರವನ್ನು ಬಲ್ಲ ಕೈ, ಈ ಮೂರೂ ಒಂದೆಡೆ ಸೇರಿದಾಗಲೇ ಹೊಸ ಬೆಳೆ ನೆಲೆಗೊಂಡಿತು.

ಅಷ್ಟರಲ್ಲಿ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಂದ ಹತ್ತಿ ಬರುವುದು ನಿಲ್ಲುತ್ತಲೇ ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಬೆಲೆಯ ಬೆನ್ನಿಗೇ ಮೋಸವೂ ಬಂದಿತು. ಅರಳೆಯಲ್ಲಿ ಕಾಳು, ಮಣ್ಣುಗಳನ್ನು ಬೆರೆಸುವುದು, ತೂಕ ಹೆಚ್ಚಲೆಂದು ನೀರು ಚಿಮುಕಿಸುವುದು, ಕುಮಟಾ ಹತ್ತಿಯನ್ನೂ ಅಮೆರಿಕನ್ ಹತ್ತಿಯನ್ನೂ ಕಲಸುವುದು ನಡೆದುವು. ಇದನ್ನು ತಡೆಯಲು ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಕಲಬೆರಕೆಯನ್ನು ತಡೆಯುವ ಕಾಯಿದೆಯನ್ನು ತಂದಿತು. ಕೆಟ್ಟವರು ಕೆಲವರೇ ಆದರೂ ನಷ್ಟ ಎಲ್ಲರಿಗೂ ತಗಲಿತು. ಅಂಡಿಗೆಯನ್ನು ಹೊರಗಿನಿಂದ ನೋಡಿದವನಿಗೆ ಒಳಗಿನ ಹತ್ತಿಯ ಗುಣ ತಿಳಿಯದು. ತಿಳಿಯದ ಸರಕಿಗೆ ವರ್ತಕನು ಕಡಮೆ ಬೆಲೆಯನ್ನೇ ಕಟ್ಟುತ್ತಾನೆ. ಹೀಗಾಗಿ ಶುದ್ಧವಾದ ಹತ್ತಿಯನ್ನು ತಂದ ರೈತನೂ ಕಲಬೆರಕೆಯ ಹತ್ತಿಯ ದರವನ್ನೇ ಒಪ್ಪಿಕೊಳ್ಳಬೇಕಾಯಿತು. ಪ್ರಾಮಾಣಿಕತೆಗೆ ಗುರುತಿಲ್ಲದಿದ್ದರೆ ಅದಕ್ಕೆ ಪೇಟೆಯಲ್ಲಿ ಬೆಲೆಯೂ ಇರುವುದಿಲ್ಲ.

ಆ ಗುರುತು ನಿಧಾನವಾಗಿ ಬಂದಿತು. 1921ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿ ಸ್ಥಾಪನೆಯಾಯಿತು. 1925ರ ಕಾಯಿದೆಯಂತೆ ಹತ್ತಿಯನ್ನು ಅಂಡಿಗೆ ಕಟ್ಟುವ ಪ್ರತಿಯೊಂದು ಕಾರ್ಖಾನೆಯೂ ತನ್ನ ಗುರುತನ್ನೂ ಕ್ರಮಸಂಖ್ಯೆಯನ್ನೂ ಅಂಡಿಗೆಯ ಮೇಲೆ ಒತ್ತಬೇಕಾಯಿತು. ಒಂದು ಸಂಖ್ಯೆ ಅಲ್ಪವಾದ ವಸ್ತುವೆಂದು ತೋರಬಹುದು. ಆದರೆ ದೂರದ ಗಿರಣಿಯಲ್ಲಿ ಅಂಡಿಗೆಯನ್ನು ಬಿಚ್ಚಿದಾಗ ದೋಷ ಕಂಡುಬಂದರೆ, ಅದು ಯಾವ ಊರಿನ ಯಾವ ಕಾರ್ಖಾನೆಯಿಂದ ಬಂದಿತೆಂಬುದನ್ನು ಆ ಸಂಖ್ಯೆಯೇ ಹೇಳುತ್ತಿತ್ತು. ಮಾಹಿತಿಯು ಸರಕಿನೊಡನೆ ಪ್ರಯಾಣ ಮಾಡತೊಡಗಿದ್ದು ಹೀಗೆ.

ಧಾರವಾಡದ ಹತ್ತಿಯ ಎರಡನೆಯ ಮಹತ್ತರ ಘಟ್ಟ ಸ್ವಾತಂತ್ರ್ಯಾನಂತರದ್ದು. ಗಿರಣಿಗಳಿಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಭಾರತವು ಹೊರದೇಶಗಳಿಂದ ತರಿಸಿಕೊಳ್ಳುತ್ತಿದ್ದ ಕಾಲವದು. ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ‘ಲಕ್ಷ್ಮಿ’ ಎಂಬ ಅಮೆರಿಕನ್ ಜಾತಿಯ ಹತ್ತಿಯನ್ನು ನವಿರಾದ ಉದ್ದ ಎಳೆಯುಳ್ಳ ಬಾರ್ಬಡೆನ್ಸ್ ಜಾತಿಯ ಹತ್ತಿಯೊಡನೆ ಸಂಕರಗೊಳಿಸಿದರು. 1972ರಲ್ಲಿ ‘ವರಲಕ್ಷ್ಮಿ’ ಹೊರಬಂದಿತು. ಎರಡು ಬೇರೆ ಬೇರೆ ಜಾತಿಗಳ ಸಂಕರದಿಂದ ಹುಟ್ಟಿ ರೈತರ ಹೊಲವನ್ನು ಸೇರಿದ ಹತ್ತಿಯ ತಳಿಗಳಲ್ಲಿ ಅದೇ ಮೊದಲನೆಯದು. 1981ರಲ್ಲಿ ಅದೇ ಕೇಂದ್ರದಿಂದ ‘ಜಯಲಕ್ಷ್ಮಿ’ ಎಂದು ಹೆಸರಾದ ಡಿ. ಸಿ. ಎಚ್. 32 ಬಂದಿತು.

ಇಂಥ ಬೀಜವನ್ನು ತಯಾರಿಸುವ ಕ್ರಮ ಬಹು ನಾಜೂಕಿನದು. ತಾಯಿಗಿಡದಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಅದರ ಕೇಸರಗಳನ್ನು ಕೈಯಿಂದ ಬಿಡಿಸಿ, ಹೂವನ್ನು ಮುಚ್ಚಿಡಬೇಕು. ಬೆಳಗ್ಗೆ ತಂದೆಗಿಡದ ಪರಾಗವನ್ನು ಅದಕ್ಕೆ ಸೋಕಿಸಬೇಕು. ಒಂದೊಂದು ಹೂವಿಗೂ ಇದೇ ಕೆಲಸ. ಯಾವ ಸಾಲು ತಾಯಿ, ಯಾವ ಸಾಲು ತಂದೆ ಎಂಬ ದಾಖಲೆ ತಪ್ಪಿದರೆ ಇಡೀ ವರ್ಷದ ಶ್ರಮ ವ್ಯರ್ಥವಾಗುತ್ತದೆ. ವಿಜ್ಞಾನಿಯ ಪ್ರತಿಭೆಯಷ್ಟೇ ಅವನ ದಿನಚರಿಯ ಪುಸ್ತಕವೂ, ಹೂವಿನ ಮುಂದೆ ಬಾಗಿ ನಿಂತ ಕೂಲಿಕಾರ್ತಿಯ ಎಚ್ಚರವೂ ಮುಖ್ಯ.

ಹೊಸತನವು ಲಾಭವನ್ನಷ್ಟೇ ತರಲಿಲ್ಲ, ಭಾರವನ್ನೂ ತಂದಿತು. ಸಂಕರ ಬೀಜವನ್ನು ಪ್ರತಿವರ್ಷವೂ ಕೊಳ್ಳಬೇಕು. ಬೆಳೆಯಿಂದಲೇ ಬೀಜವನ್ನು ಉಳಿಸಿ ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ. ಕಾಯಿಕೊರಕ ಹುಳುವಿನ ಕಾಟಕ್ಕೆ ಔಷಧ ಸಿಂಪಡಿಸಬೇಕು. ಮಳೆ ಕೈಕೊಟ್ಟ ವರ್ಷ ಬೀಜದ ಸಾಲವೂ ಔಷಧದ ಸಾಲವೂ ಹೆಗಲೇರುತ್ತವೆ. 2002ರಲ್ಲಿ ಬಿ. ಟಿ. ಹತ್ತಿಗೆ ದೇಶದಲ್ಲಿ ಅನುಮತಿ ದೊರೆಯಿತು; ಹಳೆಯ ತಳಿಗಳು ಹಿಂದೆ ಸರಿದುವು. ಹೊಸ ತಂತ್ರವನ್ನು ಸ್ವೀಕರಿಸುವ ರೈತನು ಅದರ ಇಳುವರಿಯನ್ನು ಮಾತ್ರ ಕೇಳಿದರೆ ಸಾಲದು. ಅದರ ಖರ್ಚನ್ನೂ ಅಪಾಯವನ್ನೂ ಲೆಕ್ಕ ಹಾಕಬೇಕು.

ಇನ್ನು ಪೇಟೆಯ ಮಾತು. ಹಿಂದಿನ ಕಾಲದಲ್ಲಿ ಭಾರತದ ಅನೇಕ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಕೈಬೆರಳುಗಳನ್ನು ಒತ್ತಿ ದರವನ್ನು ಗೊತ್ತುಮಾಡುತ್ತಿದ್ದರು. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಬೆಳೆಯ ಬೆಲೆ ಕಾಣುತ್ತಿರಲಿಲ್ಲ. 1966ರ ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ವ್ಯಾಪಾರವನ್ನು ಬಯಲಿಗೆ ತರಲು ನೋಡಿತು. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಗಣಕಯಂತ್ರಗಳ ಮೂಲಕ ಒಂದಕ್ಕೊಂದು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಈ ವ್ಯವಸ್ಥೆಯಲ್ಲಿ ರೈತನು ತಂದ ಪ್ರತಿಯೊಂದು ರಾಶಿಗೂ ಒಂದು ಸಂಖ್ಯೆ ದೊರೆಯುತ್ತದೆ. ವರ್ತಕರು ಆ ಸಂಖ್ಯೆಯ ಎದುರಿಗೆ ತಮ್ಮ ದರವನ್ನು ನಮೂದಿಸುತ್ತಾರೆ. ಒಬ್ಬನು ನಮೂದಿಸಿದ್ದು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಅತಿ ಹೆಚ್ಚಿನ ದರ ಯಾವುದೆಂಬುದು ರೈತನಿಗೆ ತಿಳಿಯುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಮಾರದಿರುವ ಹಕ್ಕೂ ಅವನಿಗುಂಟು.

ಇದರಿಂದ ಬೆಲೆ ಏರಿತೆ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಹೊಸ ವ್ಯವಸ್ಥೆಯ ಫಲವಾಗಿ ಬತ್ತದ ದರ ಸರಾಸರಿ ಶೇಕಡ 5.1ರಷ್ಟು, ಶೇಂಗಾದ ದರ ಶೇಕಡ 3.6ರಷ್ಟು, ಗೋವಿನಜೋಳದ ದರ ಶೇಕಡ 3.5ರಷ್ಟು ಹೆಚ್ಚಿತೆಂದು ಅದು ಕಂಡುಕೊಂಡಿತು. ಆದರೆ ಹತ್ತಿ, ಹೆಸರು, ತೊಗರಿಗಳ ದರದಲ್ಲಿ ಗಣನೀಯವಾದ ಏರಿಕೆ ಕಾಣಲಿಲ್ಲ. ನವಲಗುಂದದ ರೈತನು ಬೆಳೆಯುವುದಾದರೋ ಹೆಸರನ್ನೂ ಹತ್ತಿಯನ್ನೂ!

ಒಂದೇ ಯಂತ್ರ ಎಲ್ಲ ಬೆಳೆಗಳಿಗೂ ಒಂದೇ ಫಲವನ್ನು ಕೊಡದೆಂಬುದು ಇದರಿಂದ ತಿಳಿಯುತ್ತದೆ. ರಾಶಿಗೆ ಸಂಖ್ಯೆಯನ್ನು ಕೊಟ್ಟ ಮಾತ್ರಕ್ಕೆ ಅದರ ಗುಣ ತಿಳಿದಂತಾಗಲಿಲ್ಲ. ಹೆಸರುಕಾಳಿನ ತೇವಾಂಶವೆಷ್ಟು, ಮಣ್ಣು ಕಸಗಳೆಷ್ಟು, ಹತ್ತಿಯ ಎಳೆ ಎಷ್ಟು ಉದ್ದ ಎಂಬುದನ್ನು ಪರೀಕ್ಷಿಸಿ ಬರೆಯದಿದ್ದರೆ ದೂರದ ಪೇಟೆಯ ವರ್ತಕನು ಕಣ್ಣಿಗೆ ಕಾಣದ ಸರಕಿಗೆ ಧೈರ್ಯವಾಗಿ ದರ ಹೇಳಲಾರನು. ಆಗ ರಾಶಿಯನ್ನು ಕೈಯಲ್ಲಿ ಹಿಡಿದು ನೋಡಬಲ್ಲ ಸ್ಥಳೀಯರು ಕೆಲವರೇ ಸ್ಪರ್ಧಿಗಳಾಗಿ ಉಳಿಯುತ್ತಾರೆ. 1863ರಲ್ಲಿ ಅಂಡಿಗೆಯೊಳಗೆ ಅಡಗಿದ್ದ ಪ್ರಶ್ನೆಯೇ ಗಣಕಯಂತ್ರದ ಮುಂದೆಯೂ ಬೇರೊಂದು ರೂಪದಲ್ಲಿ ನಿಂತಿದೆ. ಅದಕ್ಕೆ ಉತ್ತರ ಮಾರುಕಟ್ಟೆಯ ಪ್ರಾಂಗಣದಲ್ಲಿರುವ ಪರೀಕ್ಷಾಲಯ, ಸರಿಯಾದ ತೂಕದ ಯಂತ್ರ, ಕಣದಲ್ಲಿಯೇ ಕಾಳನ್ನು ಒಣಗಿಸಿ ತೂರಿ ಜರಡಿಯಾಡುವ ರೈತನ ಶಿಸ್ತು.

ಮಾಹಿತಿಯೂ ಎರೆಭೂಮಿಯಂತೆಯೇ. ಅದನ್ನು ಹದವರಿತು ಬಳಸಿದವನಿಗೆ ಅದು ಫಲ ಕೊಡುತ್ತದೆ. ಹದ ತಪ್ಪಿದವನ ಕಾಲನ್ನು ಅದು ಹೂಳುತ್ತದೆ. ಬಿತ್ತಿದ ದಿನ, ಬಿದ್ದ ಮಳೆ, ಮಾಡಿದ ಖರ್ಚು, ಬಂದ ಇಳುವರಿ, ಸಿಕ್ಕ ದರ, ಇವುಗಳನ್ನು ವರ್ಷ ವರ್ಷವೂ ಬರೆದಿಡುವ ರೈತನ ಮನೆಯಲ್ಲಿ ಒಂದು ಸಣ್ಣ ವಹಿಯೇ ದೊಡ್ಡ ಆಸ್ತಿಯಾಗುತ್ತದೆ. ಅಕ್ಷರ ಕಲಿತ ಮಕ್ಕಳಿಗೆ ಆ ವಹಿಯನ್ನು ಆರಂಭಿಸುವುದು ಕಷ್ಟವಲ್ಲ. ಅಳತೆ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲಿರುತ್ತದೆ. ಬೆಳೆಯುವವನ ಕೈಗೆ ಆ ಅಳತೆ ಬಂದ ದಿನ ಬೆವರಿಗೂ ಬೆಲೆಗೂ ನಡುವಿನ ಅಂತರ ಕಿರಿದಾಗುವುದು.

ಅಭ್ಯಾಸ

1. ನಾಡಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರು ಬರಲು ಕಾರಣವೇನು?
2. ಅಮೆರಿಕನ್ ಹತ್ತಿಗೆ ಹೊಸ ಬಗೆಯ ಜಿನ್ನುಗಳು ಏಕೆ ಬೇಕಾದುವು?
3. ‘ಪ್ರಾಮಾಣಿಕತೆಗೆ ಗುರುತಿಲ್ಲದಿದ್ದರೆ ಅದಕ್ಕೆ ಪೇಟೆಯಲ್ಲಿ ಬೆಲೆಯೂ ಇರುವುದಿಲ್ಲ.’ ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
4. ಸಂಕರ ಬೀಜದಿಂದ ರೈತನಿಗಾದ ಲಾಭಗಳನ್ನೂ ತೊಂದರೆಗಳನ್ನೂ ಬರೆಯಿರಿ.
5. ನಿಮ್ಮ ಊರಿನ ಒಂದು ಬೆಳೆಯ ಖರ್ಚು, ಇಳುವರಿ, ದರಗಳನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪಟ್ಟಿಯನ್ನು ತಯಾರಿಸಿರಿ.