ಗ್ರೂಪಿಗೆ ಪಾಸ್‌ಬುಕ್ ಹಾಕಬೇಡಿ

ಹುನ್ನೂರಿನಂಥ ಊರಿಗೆ ವಾಟ್ಸಾಪ್ ಗ್ರೂಪು ಬೇಕೇ ಬೇಕು. ಕಬ್ಬಿನ ಬಿಲ್ಲು, ಜಾತ್ರೆ, ಕರೆಂಟಿನ ಸುದ್ದಿ ಅಲ್ಲೇ ಸಿಗುತ್ತದೆ. ಆದರೆ ಬೆಳೆವಿಮೆಗೆಂದು ಆಧಾರ್, ಪಾಸ್‌ಬುಕ್ಕಿನ ಫೋಟೊ ಅಲ್ಲಿ ಹಾಕಬೇಡಿ. ಕೊಡಲೇಬೇಕಾದಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ. ‘ಪಿಎಂ ಕಿಸಾನ್’ ಹೆಸರಿನ ಎಪಿಕೆ (ಆ್ಯಪ್ ಅಳವಡಿಸುವ) ಫೈಲು ಬಂದರೆ ಮುಟ್ಟಲೇಬೇಡಿ, ಕಳಿಸಿದವರು ಸ್ವಂತ ಅಳಿಯನೇ ಆಗಿರಲಿ. ಅವರ ಫೋನೇ ಕಳ್ಳರ ವಶವಾಗಿರಬಹುದು.

ಖಾಸಗಿತನ ಬರೀ ಪಟ್ಟಣದವರ ಚಿಂತೆಯಲ್ಲ. ಅದು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ.

ಇಂಥ ಮೋಸದಲ್ಲಿ ಹಣ ಹೋಯಿತೋ, ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.