ದ್ರಾಕ್ಷಿ ಕರಾರು ಮತ್ತು ‘ಫೋರ್ಸ್ ಮೆಜ್ಯೂರ್’

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ವ್ಯಾಪಾರಸ್ಥರಿಂದ ಮುಂಗಡ ಪಡೆದು ಕರಾರು ಪತ್ರಕ್ಕೆ ಸಹಿ ಹಾಕುವಾಗ ಅದರ ಕೊನೆಯ ಕಲಮುಗಳನ್ನು ಓದುವುದು ಕಡಿಮೆ. ‘ಫೋರ್ಸ್ ಮೆಜ್ಯೂರ್’ ಎಂಬ ಮಾತು ಇರುವುದು ಅಲ್ಲಿಯೇ.

ಇದು ಫ್ರೆಂಚ್ ಶಬ್ದ. ‘ಮೀರಲಾಗದ ಬಲ’ ಎಂದರ್ಥ. ೧೮೦೪ರ ಫ್ರೆಂಚ್ ನಾಗರಿಕ ಸಂಹಿತೆಯಲ್ಲಿದ್ದ ಈ ಮಾತು ಇಂಗ್ಲಿಷ್ ಕರಾರುಗಳ ಮೂಲಕ ನಮ್ಮಲ್ಲಿಗೂ ಬಂದಿತು. ಗಡಿಯಾಚೆಯ ಮರಾಠಿಯಲ್ಲಿ ‘ಅಸ್ಮಾನಿ-ಸುಲ್ತಾನಿ’ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಆಲಿಕಲ್ಲು ಮಳೆ ಆಕಾಶದಿಂದ ಬಂದದ್ದು. ೨೦೨೦ರ ಮಾರ್ಚ್ ತಿಂಗಳ ಲಾಕ್‌ಡೌನ್ ಆಳುವವರಿಂದ ಬಂದದ್ದು.

ಹೀಗೆಂದು ಬೆಳೆ ಹೋದ ಕೂಡಲೇ ಕರಾರಿನಿಂದ ಬಿಡುಗಡೆಯಾಯಿತೆಂದು ತಿಳಿಯಬಾರದು. ಇಂಗ್ಲೆಂಡಿನ ಒಂದು ಪ್ರಕರಣ ಇಲ್ಲಿ ಉಪಯುಕ್ತ. ೧೮೭೨ರಲ್ಲಿ ಒಬ್ಬ ರೈತ ತನ್ನ ಹೊಲದಲ್ಲಿ ಬೆಳೆಯುವ ೨೦೦ ಟನ್ ಆಲೂಗಡ್ಡೆ ಕೊಡಲು ಒಪ್ಪಿದ್ದನು. ರೋಗ ಬಿದ್ದು ಸುಮಾರು ೮೦ ಟನ್ ಮಾತ್ರ ಬಂದಿತು. ಕೊಂಡವನು ಪರಿಹಾರ ಕೇಳಿದಾಗ ೧೮೭೬ರಲ್ಲಿ ಮೇಲ್ಮನವಿ ನ್ಯಾಯಾಲಯವು ರೈತನ ಪರವಾಗಿ ತೀರ್ಪಿತ್ತಿತು. ಏಕೆಂದರೆ ಕರಾರು ಆಗಿದ್ದುದು ಗೊತ್ತಾದ ಹೊಲದ ಬೆಳೆಗೆ.

ಆದ್ದರಿಂದ ‘೧೦ ಟನ್ ಒಣದ್ರಾಕ್ಷಿ’ ಎಂದಷ್ಟೇ ಬರೆದು ಕೊಡಬೇಡಿ. ಶೆಡ್ಡಿನಲ್ಲಿ ಒಣಗಲು ಹಾಕಿದ ಮಾಲು ಅಕಾಲಿಕ ಮಳೆಗೆ ಕೆಟ್ಟರೆ, ತಾಸಗಾಂವ ಪೇಟೆಯಲ್ಲಿ ಕೊಂಡು ಕೊಡಿರೆಂದು ವ್ಯಾಪಾರಸ್ಥ ಕೇಳಲು ಆಸ್ಪದವಾಗುತ್ತದೆ. ಇಂಥ ಗ್ರಾಮದ, ಇಂಥ ಸರ್ವೆ ನಂಬರಿನ ತೋಟದ ದ್ರಾಕ್ಷಿಯಿಂದ ತಯಾರಿಸಿದ ಮಾಲು ಎಂದೇ ಬರೆಯಿಸತಕ್ಕದ್ದು. ಆಲಿಕಲ್ಲು, ಅಕಾಲಿಕ ಮಳೆ, ರೋಗ, ಸರ್ಕಾರದ ನಿರ್ಬಂಧ ಇವನ್ನೂ ಹೆಸರು ಹಿಡಿದು ಸೇರಿಸಿರಿ. ಕಲಮಿನಲ್ಲಿ ಹೆಸರಿಲ್ಲದ ಆಪತ್ತಿಗೆ ವಾದ ಬೆಳೆಯುತ್ತದೆ.

ಕಲಮೇ ಇಲ್ಲದಿದ್ದರೆ? ೧೮೭೨ರ ಭಾರತೀಯ ಕರಾರು ಕಾಯಿದೆಯ ೫೬ನೆಯ ಪ್ರಕರಣದಂತೆ, ಮಾಡಲು ಅಸಾಧ್ಯವಾದ ಕರಾರು ರದ್ದಾಗುತ್ತದೆ. ಆದರೆ ೬೫ನೆಯ ಪ್ರಕರಣದಂತೆ ಪಡೆದ ಮುಂಗಡವನ್ನು ಹಿಂದಿರುಗಿಸಬೇಕಾಗುತ್ತದೆ. ದಂಡ ತಪ್ಪಿದರೂ ಮುಂಗಡ ತಪ್ಪದು. ಮುಂಗಡವನ್ನು ಛಾಟಣಿಗೆ, ಔಷಧಿಗೆ ಖರ್ಚು ಮಾಡಿ ಕೈ ಖಾಲಿಯಾದವರಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಹಿಂದಿರುಗಿಸಲು ಒಂದು ಹಂಗಾಮಿನ ಅವಧಿಯನ್ನು ಮೊದಲೇ ಬರೆಯಿಸಿಕೊಳ್ಳುವುದು ಲೇಸು.

ದರ ಬಿದ್ದರೆ ಈ ಕಲಮು ಸಾಮಾನ್ಯವಾಗಿ ನೆರವಿಗೆ ಬರದು. ಕಲ್ಲಿದ್ದಲಿನ ಬೆಲೆ ಏರಿದ್ದನ್ನು ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಇಂಥ ಕಾರಣವೆಂದು ಒಪ್ಪಲಿಲ್ಲ. ಈ ಮಾತು ವ್ಯಾಪಾರಸ್ಥನಿಗೂ ಅನ್ವಯಿಸುತ್ತದೆ. ಪೇಟೆ ಇಳಿದಿದೆ ಎಂದು ಅವನು ಮಾಲು ಬಿಡುವಂತಿಲ್ಲ.

ಬೆಳೆ ವಿಮೆ ಬೇರೆ, ಇದು ಬೇರೆ; ಈ ಕಲಮಿನಿಂದ ಪರಿಹಾರದ ಹಣ ಬರುವುದಿಲ್ಲ. ಹಾನಿಯಾದ ದಿನವೇ ತೋಟದ ಹಾಗೂ ಶೆಡ್ಡಿನ ಫೋಟೋ ತೆಗೆದು, ತಲಾಠಿಯವರಿಂದ ಪಂಚನಾಮೆ ಮಾಡಿಸಿ, ಕರಾರಿನಲ್ಲಿ ಹೇಳಿದ ದಿನಗಳೊಳಗೆ ವ್ಯಾಪಾರಸ್ಥನಿಗೆ ಲಿಖಿತ ನೋಟೀಸು ಕಳಿಸಿರಿ. ಅಂಚೆ ರಸೀದಿಯನ್ನು ಕರಾರು ಪತ್ರದೊಂದಿಗೇ ಇಡಿರಿ.